ಕೋವಿಯಲ್ಲಿ ಯಾವ ತೋಟೆ ಇತ್ತು? ಆತ್ಮರಕ್ಷಣೆ ಕೇಸಲ್ಲಿ ಈ ಪ್ರಶ್ನೆ ಯಾಕಷ್ಟು ಮುಖ್ಯ? ಇಲ್ಲಿದೆ ಪೂರ್ತಿ ವಿವರ

ಅಡಿಕೆ ಕೊಯ್ಲು ಶುರುವಾಯ್ತು, ಕಾಳುಮೆಣಸು ಕಣಕ್ಕೆ ಬಿತ್ತು ಅಂದ್ರೆ ಮಲೆನಾಡಿನ ತೋಟದ ಮನೆಗಳಲ್ಲಿ ರಾತ್ರಿ ನಿದ್ದೆ ಕಡಿಮೆ. ಪೇಟೆಯಲ್ಲಿ ಚಿನ್ನದಂಗಡಿ, ಅಡಿಕೆ ಮಂಡಿ, ಪೆಟ್ರೋಲ್ ಬಂಕ್ ನಡೆಸುವವರಿಗೂ ಅದೇ ಚಿಂತೆ. ಇವರಲ್ಲಿ ಕೆಲವರ ಹತ್ತಿರ ಲೈಸೆನ್ಸ್ ಇರುವ ಕೋವಿ ಇದೆ. ಕೋವಿ ಇರುವ ಕಡೆಯೆಲ್ಲ ಕೇಳಿಬರುವ ಮಾತು ಒಂದೇ: 'ಲೈಸೆನ್ಸ್ ಇದೆ, ಕಳ್ಳ ಒಳಗೆ ಬಂದ, ಹೊಡೆದೆ. ಅದರಲ್ಲಿ ತಪ್ಪೇನಿದೆ?'

ತಪ್ಪು ಇರಬಹುದು, ಇಲ್ಲದೆಯೂ ಇರಬಹುದು. ಅದನ್ನು ತೀರ್ಮಾನ ಮಾಡುವುದು ಲೈಸೆನ್ಸ್ ಪುಸ್ತಕ ಒಂದೇ ಅಲ್ಲ. ಹೊಡೆದ ಈಡು ಯಾವುದು, ಎಷ್ಟು ದೂರದಿಂದ ಹೊಡೆದದ್ದು, ಆ ತೋಟೆ ಎಲ್ಲಿಂದ ಬಂತು, ಎಷ್ಟು ಸಲ ಕುದುರೆ ಎಳೆದರು, ಇವೆಲ್ಲ ಕೋರ್ಟಿನಲ್ಲಿ ಸಾಕ್ಷಿಯಾಗುತ್ತವೆ. ಕೋವಿ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ತೋಟೆ ಬಗ್ಗೆ ಯೋಚಿಸುವವರು ಕಡಿಮೆ. ಆದರೆ ಕೇಸು ನಿಲ್ಲುವುದು, ಬೀಳುವುದು ಎಷ್ಟೋ ಸಲ ತೋಟೆಯ ಮೇಲೆಯೇ.

ಮೊದಲು ಕಾನೂನು ಏನು ಹೇಳುತ್ತೆ?

2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್ ಜಾರಿಯಲ್ಲಿದೆ. ಮೊದಲು ಐಪಿಸಿಯ 96ರಿಂದ 106ನೇ ಸೆಕ್ಷನ್‌ಗಳಲ್ಲಿದ್ದ ಆತ್ಮರಕ್ಷಣೆ ಹಕ್ಕು ಈಗ ಬಿಎನ್‌ಎಸ್‌ನ 34ರಿಂದ 44ರವರೆಗೆ ಇದೆ. ತಿರುಳು ಹೆಚ್ಚುಕಡಿಮೆ ಹಳೆಯದೇ.

ಎದುರಿನವನ ಜೀವ ಹೋಗುವಷ್ಟು ಬಲ ಬಳಸಬಹುದಾದ ಸಂದರ್ಭಗಳನ್ನು ಕಾನೂನು ಪಟ್ಟಿ ಮಾಡಿದೆ. ದೇಹದ ರಕ್ಷಣೆಗೆ ಸೆಕ್ಷನ್ 38. ಸಾವು ಅಥವಾ ತೀವ್ರ ಗಾಯ ಆಗುತ್ತೆ ಅನ್ನೋ ನಿಜವಾದ ಭಯ ಹುಟ್ಟಿಸುವ ಹಲ್ಲೆ, ಅತ್ಯಾಚಾರದ ಯತ್ನ, ಅಪಹರಣ, ಆಸಿಡ್ ದಾಳಿ ಮುಂತಾದವು ಇದರಲ್ಲಿ ಬರುತ್ತವೆ. ಆಸ್ತಿ ರಕ್ಷಣೆಗೆ ಸೆಕ್ಷನ್ 41. ದರೋಡೆ, ಸೂರ್ಯ ಮುಳುಗಿದ ಮೇಲೆ ಮತ್ತು ಹುಟ್ಟುವ ಮೊದಲು ಮನೆ ಒಡೆದು ನುಗ್ಗುವುದು, ವಾಸದ ಮನೆಗೆ ಅಥವಾ ಸಾಮಾನು ಇಟ್ಟ ಕಟ್ಟಡಕ್ಕೆ ಬೆಂಕಿ ಹಚ್ಚುವುದು ಇದರಲ್ಲಿ ಸೇರಿವೆ. ಜೀವಕ್ಕೇ ಅಪಾಯ ಅನ್ನಿಸುವಂಥ ಪರಿಸ್ಥಿತಿಯಲ್ಲಿ ನಡೆಯುವ ಕಳ್ಳತನವೂ ಸೇರಿದೆ.

ಅಂಗಡಿಯವರು ಗಮನಿಸಬೇಕಾದ ಮಾತು ಇಲ್ಲಿದೆ. 'ಮನೆ ಒಡೆಯುವುದು' ಅಂದರೆ ವಾಸದ ಮನೆ ಮಾತ್ರ ಅಲ್ಲ. ಸಾಮಾನು ಕಾಪಾಡಿ ಇಡುವ ಕಟ್ಟಡವೂ ಅದರಲ್ಲಿ ಬರುತ್ತೆ. ಹಾಗಾಗಿ ರಾತ್ರಿ ಅಂಗಡಿ ಶಟರ್, ಗೋದಾಮಿನ ಬೀಗ ಮುರಿದು ಒಳಗೆ ನುಗ್ಗುವುದಕ್ಕೂ ಇದು ಅನ್ವಯ.

ಆದರೆ ಬಯಲಲ್ಲಿರುವ ತೋಟಕ್ಕೆ ನುಗ್ಗಿ ಅಡಿಕೆ ಗೊನೆ ಇಳಿಸುವವನು, ಕಣದಿಂದ ಮೆಣಸಿನ ಚೀಲ ಹೊರುವವನು ಬರೀ ಕಳ್ಳ. ಅವನಿಂದ ಜೀವಕ್ಕೆ ಅಪಾಯ ಇಲ್ಲದಿದ್ದರೆ ಸೆಕ್ಷನ್ 42ರ ಪ್ರಕಾರ ತಡೆಯಬಹುದು, ಹಿಡಿಯಬಹುದು, ಜೀವ ತೆಗೆಯುವಂತಿಲ್ಲ. ಎಷ್ಟು ಕ್ವಿಂಟಾಲ್ ಹೋದರೂ ಈ ಲೆಕ್ಕ ಬದಲಾಗಲ್ಲ.

ಎಲ್ಲದರ ಮೇಲೆ ಸೆಕ್ಷನ್ 37 ಕೂತಿದೆ. ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ. ಪೊಲೀಸರ ನೆರವು ಪಡೆಯಲು ಸಮಯ ಇದ್ದರೂ ಹಕ್ಕು ಇಲ್ಲ. ತೋಟೆಯ ಪ್ರಶ್ನೆ ಹುಟ್ಟುವುದೇ ಇಲ್ಲಿ, 'ಎಷ್ಟು ಬೇಕೋ ಅಷ್ಟು' ಅನ್ನುವ ಮಾತಿನಲ್ಲಿ.

ಇಂಥ ತೋಟೆ ಸರಿ, ಇಂಥದ್ದು ತಪ್ಪು ಅಂತ ಬರೆದಿದೆಯಾ?

ಆತ್ಮರಕ್ಷಣೆಯ ಸೆಕ್ಷನ್‌ಗಳಲ್ಲಿ ಎಲ್ಲೂ ಬರೆದಿಲ್ಲ. ಎಲ್‌ಜಿ ಹಾಕಿದರೆ ಕೊಲೆ, 6ನೇ ನಂಬರ್ ಹಾಕಿದರೆ ಆತ್ಮರಕ್ಷಣೆ ಅಂತ ಯಾವ ಕಾನೂನೂ ಹೇಳಲ್ಲ. ಆದರೆ ತೋಟೆ ಮೂರು ವಿಷಯಕ್ಕೆ ಸಾಕ್ಷಿ ಹೇಳುತ್ತೆ. ಒಂದು, ಹೊಡೆದವನ ಉದ್ದೇಶ. ಎರಡು, ಘಟನೆ ನಡೆದ ರೀತಿ. ಮೂರು, ಆ ತೋಟೆ ಅವನ ಹತ್ತಿರ ಇರಬೇಕಾದ್ದೇ ಅಲ್ಲವೇ ಅನ್ನೋದು.

ಒಂದು: ಉದ್ದೇಶ

ನಮ್ಮ ಕಡೆ ಲೈಸೆನ್ಸ್ ಕೋವಿ ಅಂದರೆ ಸಾಮಾನ್ಯವಾಗಿ 12 ಬೋರ್ ಒಂಟಿ ನಳಿಗೆ ಅಥವಾ ಜೋಡಿ ನಳಿಗೆ, ಇಲ್ಲವೇ ಹಳೆಯ ಕೇಪಿನ ಕೋವಿ. 12 ಬೋರ್ ತೋಟೆಯ ಮೇಲೆ ಬರೆದಿರುವ ಅಕ್ಷರ ಅಥವಾ ನಂಬರು ಒಳಗಿರುವ ಚರೆಯ ಗಾತ್ರ ಹೇಳುತ್ತೆ. ಇಂಗ್ಲಿಷ್ ಅಳತೆಯಲ್ಲಿ ಎಲ್‌ಜಿ ಚರೆ ಒಂದೊಂದೂ ಸುಮಾರು 9 ಮಿಲಿಮೀಟರ್ ದಪ್ಪ, ಒಂದು ಔನ್ಸ್ ತೂಕಕ್ಕೆ ಬರೀ 6. ಎಸ್‌ಜಿ ಆದರೆ ಔನ್ಸಿಗೆ 8. 4ನೇ ನಂಬರ್ ಚರೆ 3 ಮಿಲಿಮೀಟರ್ ಆಸುಪಾಸು, ಔನ್ಸಿಗೆ ಸುಮಾರು 170. 6ನೇ ನಂಬರ್ ಇನ್ನೂ ಸಣ್ಣದು, ಸುಮಾರು 270. ಎಲ್‌ಜಿ, ಎಸ್‌ಜಿ ಇರುವುದು ದೊಡ್ಡ ಪ್ರಾಣಿಗೆ. ಸಣ್ಣ ನಂಬರಿನ ಚರೆ ಹಕ್ಕಿ, ಮೊಲದಂಥ ಸಣ್ಣ ಪ್ರಾಣಿಗೆ.

ಸರ್ಕಾರಿ ವಕೀಲರು ಇದನ್ನೇ ಹಿಡಿದು ವಾದ ಮಾಡಬಹುದು: 'ಹಂದಿ ಕೆಡವುವ ತೋಟೆಯನ್ನು ಮನುಷ್ಯನ ಮೇಲೆ ಹೊಡೆದಿದ್ದಾರೆ, ಸಾಯಿಸಬೇಕು ಅನ್ನೋದೇ ಉದ್ದೇಶ.' ಆರೋಪಿ ಪರ ವಕೀಲರ ಉತ್ತರವೂ ಸಿದ್ಧವಿರುತ್ತೆ: 'ಹಂದಿ ಕಾಟಕ್ಕೆ ಅಂತ ಮನೆಯಲ್ಲಿ ಇದ್ದದ್ದೇ ಅದು. ಕತ್ತಿ ಹಿಡಿದವನು ಬಾಗಿಲಲ್ಲಿ ನಿಂತಾಗ ತೋಟೆ ಆರಿಸಿಕೊಂಡು ಕೂರೋಕಾಗುತ್ತಾ?' ಯಾರ ಮಾತು ನಿಲ್ಲುತ್ತೆ ಅನ್ನೋದು ಸಂದರ್ಭದ ಮೇಲೆ. ಮೊದಲೇ ತುಂಬಿಟ್ಟ ಕೋವಿಯೋ, ಜಗಳ ಆದ ಮೇಲೆ ಒಳಗೆ ಹೋಗಿ ಸಣ್ಣ ಚರೆ ತೆಗೆದು ಎಲ್‌ಜಿ ತುಂಬಿಕೊಂಡು ಬಂದದ್ದೋ? ಎರಡನೆಯದಾದರೆ ಅದು ಪೂರ್ವಸಿದ್ಧತೆ ಅನ್ನಿಸಿಕೊಳ್ಳುತ್ತೆ.

ತೋಟೆ ತಂದ ರೀತಿಯೇ ಸಾಕ್ಷಿಯಾದ ದೊಡ್ಡ ಉದಾಹರಣೆ ನಾನಾವತಿ ಪ್ರಕರಣ. ಅದು ನೇರವಾಗಿ ಆತ್ಮರಕ್ಷಣೆ ಕೇಸಲ್ಲ, ಜಟಾಪಟಿಯಲ್ಲಿ ಆಕಸ್ಮಿಕವಾಗಿ ಗುಂಡು ಹಾರಿತು ಅನ್ನೋದು ಆರೋಪಿಯ ವಾದ. 1959ರ ಏಪ್ರಿಲ್‌ನಲ್ಲಿ ನೌಕಾಪಡೆ ಅಧಿಕಾರಿ ಕೆ.ಎಂ. ನಾನಾವತಿ ಬಾಂಬೆಯಲ್ಲಿ ಮೊದಲು ತಮ್ಮ ಹಡಗು ಐಎನ್‌ಎಸ್ ಮೈಸೂರಿಗೆ ಹೋಗಿ, ಬೇರೆ ಕಾರಣ ಹೇಳಿ ರಿವಾಲ್ವರ್ ಮತ್ತು 6 ಗುಂಡು ಪಡೆದರು. ಆಮೇಲೆ ಹೆಂಡತಿಯ ಗೆಳೆಯನ ಮನೆಗೆ ಹೋದರು. ಮೂರು ಗುಂಡು ಹಾರಿ ಆತ ಸತ್ತ. ಸುಳ್ಳು ಕಾರಣ ಹೇಳಿ ಗುಂಡು ಪಡೆದದ್ದು ಅವರ ವಿರುದ್ಧದ ಮುಖ್ಯ ಸಂಗತಿಗಳಲ್ಲಿ ಒಂದಾಯಿತು. 1961ರಲ್ಲಿ ಸುಪ್ರೀಂ ಕೋರ್ಟ್ ಕೊಲೆ ಶಿಕ್ಷೆಯನ್ನು ಎತ್ತಿ ಹಿಡಿಯಿತು.

ಅಮೆರಿಕದಲ್ಲಿ ಆದದ್ದು

ಆತ್ಮರಕ್ಷಣೆ ಕೇಸಲ್ಲಿ ಗುಂಡಿನ ಬಗೆಯೇ ದೊಡ್ಡ ಚರ್ಚೆಯಾದದ್ದು ಅಮೆರಿಕದ ಅರಿಜೋನಾ ರಾಜ್ಯದಲ್ಲಿ. 2004ರ ಮೇ ತಿಂಗಳಲ್ಲಿ ಕಾಡುದಾರಿಯಲ್ಲಿ ನಡೆದು ಬರುತ್ತಿದ್ದ ನಿವೃತ್ತ ಶಿಕ್ಷಕರೊಬ್ಬರ ಕಡೆಗೆ ನಾಯಿಗಳು ಓಡಿ ಬಂದವು. ಅವರು ನಾಯಿಗಳನ್ನು ಬೆದರಿಸಲು ಗುಂಡು ಹಾರಿಸಿದರು. ನಾಯಿಗಳ ಜೊತೆಗಿದ್ದ ವ್ಯಕ್ತಿ ಕೂಗಾಡುತ್ತಾ ಮೈಮೇಲೆ ಬಂದ ಅಂತ ಅವನಿಗೂ ಹೊಡೆದರು. ಆತ ಸತ್ತ. ಅವನ ಕೈಯಲ್ಲಿ ಆಯುಧ ಇರಲಿಲ್ಲ.

ಶಿಕ್ಷಕರ ಹತ್ತಿರ ಇದ್ದದ್ದು 10 ಎಂ.ಎಂ. ಪಿಸ್ತೂಲು, ಅದರಲ್ಲಿ ಹಾಲೋ ಪಾಯಿಂಟ್ ಗುಂಡು. ಈ ಗುಂಡಿನ ಮೂತಿಯಲ್ಲಿ ಗುಳಿ ಇರುತ್ತೆ. ಮೈಗೆ ಹೊಕ್ಕಾಗ ಅರಳಿಕೊಂಡು ಅಗಲವಾಗುತ್ತೆ. ಪೊಲೀಸರೂ ಬಳಸದಷ್ಟು ಜೋರಿನ ಪಿಸ್ತೂಲು, ಹೆಚ್ಚು ಹಾನಿಗೆಂದೇ ಮಾಡಿದ ಗುಂಡು ಅನ್ನುವ ಚಿತ್ರಣ ವಿಚಾರಣೆಯಲ್ಲಿ ಜ್ಯೂರಿ ಮುಂದೆ ಬಂತು. 2006ರಲ್ಲಿ ಶಿಕ್ಷೆಯಾಯಿತು, 10 ವರ್ಷ ಜೈಲು. 2009ರಲ್ಲಿ ಮೇಲ್ಮನವಿ ಕೋರ್ಟ್ ಶಿಕ್ಷೆ ರದ್ದು ಮಾಡಿತು. ಆದರೆ ರದ್ದಾದದ್ದು ಗುಂಡಿನ ಕಾರಣಕ್ಕಲ್ಲ. ಸತ್ತವನ ಹಿಂದಿನ ಸಿಟ್ಟಿನ ನಡವಳಿಕೆಯ ಸಾಕ್ಷ್ಯವನ್ನು ಜ್ಯೂರಿಗೆ ತೋರಿಸದೆ ಇದ್ದದ್ದು, ಕಾನೂನಿನ ವಿವರಣೆ ಸರಿಯಾಗಿ ಕೊಡದೆ ಇದ್ದದ್ದು ಕಾರಣ. ಅಷ್ಟರಲ್ಲಿ ಅವರು ಮೂರು ವರ್ಷ ಜೈಲಲ್ಲಿ ಕಳೆದಿದ್ದರು.

ತಮಾಷೆ ಅಂದರೆ ಅದೇ ಹಾಲೋ ಪಾಯಿಂಟ್ ಗುಂಡನ್ನು ಅಮೆರಿಕದ ಪೊಲೀಸರೇ ಹೆಚ್ಚಾಗಿ ಬಳಸುವುದು. ಒಬ್ಬನ ಮೈ ದಾಟಿ ಹಿಂದಿನವನಿಗೆ ತಗಲುವ ಸಾಧ್ಯತೆ ಕಡಿಮೆ ಅನ್ನೋದು ಅವರ ಕಾರಣ. ಯುದ್ಧದಲ್ಲಿ ಮಾತ್ರ 1899ರ ಹೇಗ್ ಘೋಷಣೆ ಇಂಥ ಅರಳುವ ಗುಂಡನ್ನು ನಿಷೇಧಿಸಿದೆ. ಆ ಜಾತಿಯ ಗುಂಡಿಗೆ 'ಡಮ್‌ಡಮ್' ಅಂತ ಹೆಸರು ಬಂದದ್ದು ನಮ್ಮ ದೇಶದ್ದೇ ಊರಿನಿಂದ, ಕೋಲ್ಕತ್ತಾ ಪಕ್ಕದ ಡಮ್‌ಡಮ್ ಶಸ್ತ್ರಾಗಾರದಿಂದ. ಒಂದೇ ಗುಂಡನ್ನು ಇಬ್ಬರು ವಕೀಲರು ಎರಡು ರೀತಿ ತೋರಿಸಬಹುದು.

ನಮ್ಮಲ್ಲಿ ಈಗ ಜ್ಯೂರಿ ಇಲ್ಲ, ತೀರ್ಪು ಕೊಡುವುದು ನ್ಯಾಯಾಧೀಶರು. ಗುಂಡಿನ ಹೆಸರು ಕೇಳಿ ಅವರು ಹೆದರಲಿಕ್ಕಿಲ್ಲ. ಆದರೆ 'ಇಷ್ಟು ಬಲ ಬೇಕಿತ್ತಾ?' ಅನ್ನುವ ಪ್ರಶ್ನೆ ಅವರೂ ಕೇಳಲೇಬೇಕು.

ಎರಡು: ಘಟನೆ ಹೇಗಾಯ್ತು

'ಅವನು ನನ್ನ ಮೇಲೆ ಬಂದ, ಎರಡೇ ಹೆಜ್ಜೆ ದೂರ ಇದ್ದ' ಅಂತ ಹೊಡೆದವನು ಹೇಳುತ್ತಾನೆ. 'ಓಡಿ ಹೋಗ್ತಿದ್ದವನಿಗೆ ಹಿಂದಿನಿಂದ ಹೊಡೆದ' ಅಂತ ಎದುರು ಪಾರ್ಟಿ ಹೇಳುತ್ತೆ. ಯಾವುದು ನಿಜ ಅಂತ ಚರೆಯೇ ಹೇಳುತ್ತೆ.

12 ಬೋರ್ ತೋಟೆಯ ಚರೆ ನಳಿಗೆ ಬಿಟ್ಟ ತಕ್ಷಣ ಹರಡಿಕೊಳ್ಳಲ್ಲ. ಒಂದೆರಡು ಮೀಟರ್ ಒಳಗಿಂದ ಹೊಡೆದರೆ ಎಲ್ಲ ಚರೆ ಒಟ್ಟಿಗೆ ಹೊಕ್ಕು ಒಂದೇ ದೊಡ್ಡ ತೂತು ಆಗುತ್ತೆ. ತೀರಾ ಹತ್ತಿರವಾದರೆ ಸುತ್ತ ಸುಟ್ಟ ಗುರುತು, ಮಸಿ ಇರುತ್ತೆ. ದೂರ ಹೆಚ್ಚಿದಂತೆ ಚರೆ ಬೇರೆ ಬೇರೆಯಾಗುತ್ತೆ. ಸಾಮಾನ್ಯ ಅಂದಾಜು ಗಜಕ್ಕೆ ಸುಮಾರು ಒಂದು ಇಂಚು ಹರವು. ನಳಿಗೆಯ ತುದಿ ಬಿಗಿಯಿದ್ದರೆ ಇದು ಕಡಿಮೆಯಾಗುತ್ತೆ.

ಇದನ್ನು ಖಚಿತಪಡಿಸಲು ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞರು ಅದೇ ಕೋವಿಯಿಂದ, ಅದೇ ಬಗೆಯ ತೋಟೆಯಿಂದ ಬೇರೆ ಬೇರೆ ದೂರಕ್ಕೆ ಹೊಡೆದು ಹೋಲಿಸಿ ನೋಡುತ್ತಾರೆ. ಕಂಪನಿ ತೋಟೆ ಆದರೆ ಒಂದಕ್ಕೊಂದು ಹೆಚ್ಚು ವ್ಯತ್ಯಾಸ ಇರಲ್ಲ, ಹೋಲಿಕೆ ಸುಲಭ. ಕೇಪಿನ ಕೋವಿ ಆದರೆ? ಮದ್ದು ಎಷ್ಟು ಹಾಕಿದ್ದು, ಚರೆ ಎಷ್ಟು, ಬಟ್ಟೆ ಎಷ್ಟು ಬಿಗಿಯಾಗಿ ಗಿಡಿದದ್ದು ಅನ್ನೋದು ತುಂಬಿದವನಿಗೆ ಮಾತ್ರ ಗೊತ್ತು. ಚರೆ ಬದಲು ಸೈಕಲ್ ಬಾಲ್ಸು, ಕಬ್ಬಿಣದ ಚೂರು ತುಂಬಿದರಂತೂ ಮುಗೀತು. ನಿಜವಾಗಿ ಆತ್ಮರಕ್ಷಣೆಗೇ ಹೊಡೆದಿದ್ದರೂ ದೂರದ ಬಗ್ಗೆ ತನ್ನ ಮಾತಿಗೆ ಲ್ಯಾಬ್‌ನ ಬೆಂಬಲ ಸಿಗುವುದು ಕಷ್ಟ. ಮೇಲಾಗಿ 'ಹೆಚ್ಚು ನೋವಾಗಲಿ ಅಂತಲೇ ಹೀಗೆ ತುಂಬಿದ್ದಾರೆ' ಅನ್ನುವ ವಾದ ಬೇರೆ ಎದುರಾಗುತ್ತೆ.

'ಕಾಲಿಗೆ ಹೊಡೆದೆ, ಸಾಯಿಸೋಕಲ್ಲ' ಅನ್ನುವ ಮಾತಿಗೂ ಇದೇ ಪೆಟ್ಟು. 20 ಗಜ ದೂರದಲ್ಲಿ ಒಂದೂವರೆ ಅಡಿಗಿಂತ ಅಗಲ ಹರಡುವ ಚರೆಯನ್ನು ಕಾಲಿಗೆ ಮಾತ್ರ ಅಂತ ನಿಲ್ಲಿಸೋಕಾಗಲ್ಲ. ಒಂದು ಚರೆ ತೊಡೆಯ ರಕ್ತನಾಳಕ್ಕೆ ತಗುಲಿದರೂ ಸಾವು.

ಪೇಟೆಯವರಿಗೆ ಇನ್ನೊಂದು ಅಪಾಯ. ಸಂತೆ ಬೀದಿಯಲ್ಲಿ, ಬಸ್ ನಿಲ್ದಾಣದ ಎದುರು ಚರೆ ಹಾರಿದರೆ ಕಳ್ಳನ ಹಿಂದೆ ನಿಂತವರಿಗೂ ತಗಲುತ್ತೆ. ಪ್ರಾಣಾಪಾಯದ ಹಲ್ಲೆ ನಡೆದಾಗ, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಸೆಕ್ಷನ್ 44 ಆ ಅಪಾಯವನ್ನು ಕ್ಷಮಿಸುತ್ತೆ. ಚೀಲ ಎತ್ತಿಕೊಂಡು ಓಡುವವನಿಗೆ ಹೊಡೆಯಲು ಹೋಗಿ ದಾರಿಹೋಕರಿಗೆ ತಗುಲಿದರೆ ಈ ಸೆಕ್ಷನ್ ನೆರವಿಗೆ ಬರಲ್ಲ. ಶಟರ್ ಮುರಿದವನು ಹೊರಗೆ ಬಿದ್ದು ಬೀದಿಯಲ್ಲಿ ಓಡುತ್ತಿದ್ದರೆ, ಒಳನುಗ್ಗಿದ್ದಕ್ಕೆ ಇದ್ದ ಹಕ್ಕೂ ಅಲ್ಲಿಗೆ ಮುಗಿಯುತ್ತೆ.

ಮೂರು: ತೋಟೆ ಎಲ್ಲಿಂದ ಬಂತು

ಕೋವಿಗೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಮನೆಯಲ್ಲಿರುವ ಎಲ್ಲ ತೋಟೆಗೂ ಲೈಸೆನ್ಸ್ ಇದೆ ಅಂತಲ್ಲ. ಒಂದು ಸಲಕ್ಕೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಅನ್ನುವ ಎರಡು ಸಂಖ್ಯೆ ಲೈಸೆನ್ಸಿನಲ್ಲೇ ಇರುತ್ತೆ. ಡೀಲರ್ ಮಾರಿದಾಗ ಅದರಲ್ಲಿ ಎಂಟ್ರಿ ಹಾಕಬೇಕು. ಘಟನೆ ಆದ ಮೇಲೆ ಪೊಲೀಸರು ಕೋವಿ, ಖಾಲಿ ತೋಟೆ, ತುಂಬಿದ ತೋಟೆ, ಲೈಸೆನ್ಸ್ ಪುಸ್ತಕ ಎಲ್ಲ ಮಹಜರು ಮಾಡಿ ವಶಕ್ಕೆ ತಗೊಳ್ತಾರೆ. ಆಗ ಲೆಕ್ಕ ತಾಳೆ ಆಗದಿದ್ದರೆ ಆತ್ಮರಕ್ಷಣೆ ಕೇಸಿನ ಜೊತೆಗೆ ಇನ್ನೊಂದು ಕೇಸು.

ಆ ಇನ್ನೊಂದು ಕೇಸು ಸಣ್ಣದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ ಶಿಕ್ಷೆ ಹೆಚ್ಚಾಗಿದೆ. ಲೈಸೆನ್ಸ್ ಇಲ್ಲದ ಕೋವಿ ಅಥವಾ ತೋಟೆ ಇಟ್ಟುಕೊಂಡರೆ ಸಾಮಾನ್ಯವಾಗಿ 2ರಿಂದ 5 ವರ್ಷ ಜೈಲು. ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸಿದರೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಲೈಸೆನ್ಸಿನ ಷರತ್ತು ಮುರಿದರೆ ಬೇರೆ ಶಿಕ್ಷೆ. ಪೊಲೀಸರು, ಸೇನೆ ಬಳಸುವ .303, 9 ಎಂ.ಎಂ. ಗುಂಡುಗಳು ಸಾಮಾನ್ಯ ಲೈಸೆನ್ಸಿನಲ್ಲಿ ಬರುವುದೇ ಇಲ್ಲ.

ಊರಲ್ಲಿ 'ಎರಡು ತೋಟೆ ಕೊಡಿ ಮಾರಾಯ್ರೆ, ಆಮೇಲೆ ವಾಪಸ್ ಕೊಡ್ತೀನಿ' ಅಂತ ಪಕ್ಕದ ಮನೆಯಿಂದ ಸಕ್ಕರೆ ಇಸ್ಕೊಂಡ ಹಾಗೆ ಇಸ್ಕೊಳ್ಳುವವರಿದ್ದಾರೆ. ಡಿಸಿಗೆ ಅಥವಾ ಠಾಣೆಗೆ ಬರವಣಿಗೆಯಲ್ಲಿ ತಿಳಿಸದೆ ಹಾಗೆ ಕೊಡುವಂತಿಲ್ಲ. ನಾಳೆ ಆ ತೋಟೆಯಿಂದ ಯಾರಾದರೂ ಸತ್ತರೆ ಕೊಟ್ಟವರೂ ಠಾಣೆ ಮೆಟ್ಟಿಲು ಹತ್ತಬೇಕಾಗುತ್ತೆ.

ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿ ಹಿಡಿದಿದೆ. ಆದರೆ ಆ ವಿನಾಯಿತಿ ಲೈಸೆನ್ಸಿಗೆ ಮಾತ್ರ. ಗುಂಡು ಹಾರಿಸಿದರೆ ಬಿಎನ್‌ಎಸ್ ಅವರಿಗೂ ಒಂದೇ.

ಕೋರ್ಟ್ ತೂಗುವುದು ಹೇಗೆ?

ಹಾಗಂತ ಪ್ರಾಣ ಹೋಗುವ ಹೊತ್ತಲ್ಲಿ ಕಾನೂನು ಪುಸ್ತಕ ತೆಗೆದು ನೋಡಿ ಅಂತ ಯಾವ ಕೋರ್ಟೂ ಹೇಳಲ್ಲ. 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ದರ್ಶನ್ ಸಿಂಗ್ ವಿರುದ್ಧ ಪಂಜಾಬ್ ಸರ್ಕಾರ ಪ್ರಕರಣದ ತೀರ್ಪು ಇದಕ್ಕೆ ದಾರಿದೀಪ. ಜಮೀನಿನ ಜಗಳದಲ್ಲಿ ತಂದೆಯ ತಲೆಗೆ ಹರಿತವಾದ ಆಯುಧದ ಏಟು ಬಿದ್ದಾಗ ಮಗ ಲೈಸೆನ್ಸ್ ಕೋವಿಯಿಂದ ಹೊಡೆದಿದ್ದ. ಕೆಳಗಿನ ಕೋರ್ಟ್ ಬಿಡುಗಡೆ ಮಾಡಿತು, ಹೈಕೋರ್ಟ್ ಶಿಕ್ಷೆ ಕೊಟ್ಟಿತು, ಸುಪ್ರೀಂ ಕೋರ್ಟ್ ಮತ್ತೆ ಬಿಡುಗಡೆ ಮಾಡಿತು.

ಆ ತೀರ್ಪು ಹತ್ತು ಸೂತ್ರಗಳನ್ನು ಹೇಳಿದೆ. ಅವುಗಳ ಸಾರ ಇಷ್ಟು: ಏಟು ಬಿದ್ದ ಮೇಲೆಯೇ ಹಕ್ಕು ಶುರು ಅಂತಿಲ್ಲ, ನಿಜವಾದ ಭಯ ಇದ್ದರೆ ಸಾಕು. ಹಲ್ಲೆಗೆ ಸಿಕ್ಕವನು ಲೆಕ್ಕ ಹಾಕಿ, ಹೆಜ್ಜೆ ಹೆಜ್ಜೆಗೂ ಅಳೆದು ತಿರುಗಿ ಹೊಡೆಯಬೇಕು ಅಂತ ಬಯಸುವಂತಿಲ್ಲ. ಆದರೆ ಬಳಸಿದ ಬಲ ಅಗತ್ಯಕ್ಕಿಂತ ತೀರಾ ಹೆಚ್ಚಾಗಿರಬಾರದು. ಆತ್ಮರಕ್ಷಣೆ ಅಂತ ತೋರಿಸುವ ಹೊಣೆ ಆರೋಪಿಯದು, ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 108ರಲ್ಲಿದೆ. ಹಾಗಿದ್ದರೂ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ. ಹಾಗೆ ಆಗಿರುವ ಸಾಧ್ಯತೆಯೇ ಹೆಚ್ಚು ಅಂತ ತೋರಿಸಿದರೆ ಸಾಕು.

ಹಕ್ಕು ಇತ್ತು, ಆದರೆ ಮಿತಿ ಮೀರಿತು ಅಂತ ಕೋರ್ಟ್ ಕಂಡುಕೊಂಡರೆ? ಸೆಕ್ಷನ್ 101ರಲ್ಲಿ ಅದಕ್ಕೊಂದು ವಿನಾಯಿತಿ ಇದೆ. ಪೂರ್ವಸಿದ್ಧತೆ ಇಲ್ಲದೆ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಉದ್ದೇಶ ಇಲ್ಲದೆ, ಸದ್ಭಾವನೆಯಿಂದ ಮಿತಿ ಮೀರಿದ್ದರೆ ಅದು ಕೊಲೆ ಅಲ್ಲ, ಕೊಲೆಯಲ್ಲದ ನರಹತ್ಯೆ. ಕೊಲೆ ಆದರೆ ಗಲ್ಲು ಅಥವಾ ಜೀವಾವಧಿ. ಈ ವಿನಾಯಿತಿ ಸಿಕ್ಕರೆ ಶಿಕ್ಷೆ ಕಡಿಮೆಯಾಗುವ ದಾರಿ ತೆರೆಯುತ್ತೆ. ಆ 'ಪೂರ್ವಸಿದ್ಧತೆ', ಆ 'ಉದ್ದೇಶ' ಇತ್ತೋ ಇಲ್ಲವೋ ಅಂತ ಹೇಳುವ ಸಾಕ್ಷಿಗಳಲ್ಲಿ ತೋಟೆಯೂ ಒಂದು.

ಕೋವಿ ಇರುವವರು ಗಮನಿಸಬೇಕಾದ್ದು

- ಕಂಪನಿ ತೋಟೆಯನ್ನೇ, ಲೈಸೆನ್ಸ್ ಇರುವ ಡೀಲರ್ ಹತ್ತಿರ ಮಾತ್ರ ಕೊಳ್ಳಿ. ಬಿಲ್ ಮತ್ತು ಡಬ್ಬಿ ಎಸೆಯಬೇಡಿ. ತೋಟೆ ಯಾವ ಬಗೆಯದು ಅಂತ ಹೇಳುವುದು ಅವೇ.
- ಲೈಸೆನ್ಸಿನಲ್ಲಿರುವ ಸಂಖ್ಯೆ ಮತ್ತು ಮನೆಯಲ್ಲಿರುವ ತೋಟೆ ಆಗಾಗ ತಾಳೆ ನೋಡಿ.
- ಖಾಲಿ ತೋಟೆಗೆ ಮನೆಯಲ್ಲೇ ಮದ್ದು ತುಂಬುವುದು, ಚರೆ ಬದಲಿಸುವುದು, ತೋಟೆ ಸಾಲ ಕೊಡುವುದು ತಗೊಳ್ಳುವುದು ಬೇಡ.
- ಲೈಸೆನ್ಸ್ ಯಾವ ಉದ್ದೇಶಕ್ಕೆ ಕೊಟ್ಟದ್ದು ಅಂತ ಓದಿ. ಬೆಳೆ ರಕ್ಷಣೆಗೆ ಅಂತ ಇದ್ದರೆ ಅಂಗಡಿ ಕಾವಲಿಗೆ ಒಯ್ಯುವ ಮೊದಲು ಡಿಸಿ ಕಚೇರಿಯಲ್ಲಿ ವಿಚಾರಿಸಿ.
- ಘಟನೆ ಆದರೆ ಮೊದಲು 112ಕ್ಕೆ ಫೋನ್ ಮಾಡಿ, ಗಾಯಾಳುವಿಗೆ ಆಂಬುಲೆನ್ಸ್ ಕೇಳಿ. ಖಾಲಿ ತೋಟೆ ಎತ್ತಬೇಡಿ, ನಳಿಗೆ ಒರೆಸಬೇಡಿ. 7 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಪ್ರಕರಣಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಿ ವಿಡಿಯೊ ಮಾಡಿಸುವ ವ್ಯವಸ್ಥೆಯನ್ನು ಹೊಸ ಕಾನೂನು ತಂದಿದೆ, ರಾಜ್ಯಗಳು ಅದನ್ನು ಹಂತ ಹಂತವಾಗಿ ಜಾರಿ ಮಾಡಬೇಕು. ಬಿದ್ದ ಜಾಗದಲ್ಲೇ ಇರುವ ತೋಟೆ ನಿಮ್ಮ ಮಾತಿಗೆ ಬೆಂಬಲವಾಗಬಹುದು. ಬಚ್ಚಿಟ್ಟರೆ ನಿಮ್ಮ ಮೇಲೇ ತಿರುಗುತ್ತೆ.
- ವಕೀಲರನ್ನು ಕಾಣುವುದು ನಿಮ್ಮ ಹಕ್ಕು. ಶಕ್ತಿ ಇಲ್ಲದವರಿಗೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಸಿಗುತ್ತೆ.

ಅಡಿಕೆ ಚೀಲ ಹೋದರೆ ಮುಂದಿನ ವರ್ಷ ಇನ್ನೊಂದು ಕೊಯ್ಲು ಬರುತ್ತೆ. ಹೋದ ಜೀವ ಬರಲ್ಲ, ಕೋರ್ಟಿಗೆ ಅಲೆದು ಕಳೆದ ವರ್ಷಗಳೂ ಬರಲ್ಲ. ಕಣಕ್ಕೆ ಒಂದು ಲೈಟು, ಶಟರ್‌ಗೆ ಒಂದು ಸೈರನ್, ಫೋನಲ್ಲಿ ಠಾಣೆಯ ನಂಬರು ಮೊದಲು ಇರಲಿ. ಕೋವಿ ಎತ್ತುವ ಹೊತ್ತು ಬಂದೇ ಬಂದರೆ, ಒಳಗಿರುವ ತೋಟೆಯ ಲೆಕ್ಕವೂ ನಾಳೆ ಕಟಕಟೆಯಲ್ಲಿ ಕೊಡಬೇಕಾಗುತ್ತೆ ಅನ್ನೋದು ನೆನಪಿರಲಿ.